ನೆಂಟರು ಬಂದರೆ ಮಗಳು ಸೆರಗಿನ ಹಿಂದೆ

ಪ್ರಶ್ನೆ: ನಮ್ಮದು ತೀರ್ಥಹಳ್ಳಿ ಹತ್ತಿರದ ಹಳ್ಳಿ. ಮಗಳಿಗೆ ನಾಲ್ಕು ವರ್ಷ. ಮನೆಯಲ್ಲಿ ಬಾಯಿಗೆ ಬಿಡುವೇ ಇಲ್ಲ. ನೆಂಟರು ಅಂಗಳಕ್ಕೆ ಕಾಲಿಟ್ಟರೆ ಸಾಕು, ನನ್ನ ಸೆರಗಿನ ಹಿಂದೆ ಸೇರುತ್ತಾಳೆ. 'ನಮಸ್ಕಾರ ಮಾಡು' ಅಂದರೆ ಅಳು. 'ತಾಯಿ ಏನೂ ಕಲಿಸಿಲ್ಲ' ಎಂದು ಅತ್ತೆ ಎಲ್ಲರೆದುರು ಅನ್ನುತ್ತಾರೆ. ಮೊನ್ನೆ ಒಂದೇಟು ಕೊಟ್ಟೆ. ಏನು ಮಾಡಲಿ?

ಉತ್ತರ: ಆ ಏಟು ಬಿದ್ದದ್ದು ಅತ್ತೆಯ ಮಾತಿನ ಸಿಟ್ಟಿಗೆ, ಮಗಳ ತಪ್ಪಿಗಲ್ಲ. ಅದು ನಿಮಗೂ ಗೊತ್ತು.

ಸ್ವಲ್ಪ ಅವಳ ಎತ್ತರದಿಂದ ನೋಡಿ. ಗೊತ್ತಿಲ್ಲದ ದೊಡ್ಡ ಮುಖವೊಂದು ಬಗ್ಗಿ ಕೆನ್ನೆ ಹಿಂಡುತ್ತದೆ. 'ನಾನ್ಯಾರು ಹೇಳು ನೋಡೋಣ' ಅನ್ನುತ್ತದೆ. (ಮದುವೆ ಮನೆಯಲ್ಲಿ ಈ ಪ್ರಶ್ನೆಗೆ ನಾವೇ ತಡಬಡಾಯಿಸ್ತೇವೆ, ಅಲ್ವಾ?) ನ್ಯೂಯಾರ್ಕಿನಲ್ಲಿ 1956ರಲ್ಲಿ ಅಲೆಕ್ಸಾಂಡರ್ ಥಾಮಸ್ ಮತ್ತು ಸ್ಟೆಲ್ಲಾ ಚೆಸ್ ಎಂಬ ಮನೋವೈದ್ಯರು ಮಕ್ಕಳ ಸ್ವಭಾವದ ಬಗ್ಗೆ ಅಧ್ಯಯನ ಶುರುಮಾಡಿದರು. ಅವರು ನೋಡಿದ ಮಕ್ಕಳಲ್ಲಿ ಸುಮಾರು ನೂರಕ್ಕೆ 15 ಮಂದಿ ಹೊಸಬರಿಗೆ ನಿಧಾನವಾಗಿ ಹೊಂದಿಕೊಳ್ಳುವವರು. ಅದು ಹುಟ್ಟುಗುಣ, ಕೊಬ್ಬಲ್ಲ.

ಹಾಗಂತ ಕಲಿಸೋದೇ ಬೇಡ ಅಂತಲ್ಲ. ನೆಂಟರ ಮುಂದೆ ಪರೀಕ್ಷೆ ಇಡಬೇಡಿ, ಅಷ್ಟೆ. ಬರುವ ಮೊದಲೇ ಹೇಳಿಡಿ: 'ಶಿವಮೊಗ್ಗದ ದೊಡ್ಡಪ್ಪ ಬರ್ತಾರೆ, ಜೋರಾಗಿ ನಗ್ತಾರೆ, ಬೈಯೋದಲ್ಲ ಅದು.' ಬಂದಾಗ ನೀವೇ ಬಾಯಿತುಂಬ 'ಬನ್ನಿ ಬನ್ನಿ' ಅನ್ನಿ. ನಮ್ಮ ಕಡೆ ಬಂದವರಿಗೆ ಬೆಲ್ಲ-ನೀರು ಕೊಡುತ್ತೇವಲ್ಲ, ನೀರಿನ ಚೊಂಬು ನೀವು ಹಿಡಿಯಿರಿ, ಬೆಲ್ಲದ ತಟ್ಟೆ ಅವಳ ಕೈಗಿರಲಿ. ಮಾತು ಬೇಡ. ತಟ್ಟೆ ಮುಂದೆ ಚಾಚಿದರೆ ಅದೇ ಅವಳ ನಮಸ್ಕಾರ. ಕೈಯಲ್ಲಿ ಕೆಲಸವಿದ್ದ ಮಗುವಿಗೆ ಅಡಗಿಕೊಳ್ಳುವ ನೆನಪು ಬರೋದು ಕಡಿಮೆ. ದಾರಿಯಲ್ಲಿ ಒಂದು ತುಂಡು ಅವಳ ಬಾಯಿಗೆ ಹೋದರೆ ಕಂಡೂ ಕಾಣದ ಹಾಗಿರಿ.

ಹೊರಡುವಾಗ ಕೈ ಬೀಸುತ್ತೀಯೋ, ಕೈ ಮುಗಿಯುತ್ತೀಯೋ ಎಂದು ಕೇಳಿ. ಎರಡೂ ಒಲ್ಲೆ ಅಂದರೆ ಬಿಟ್ಟುಬಿಡಿ. ಮುತ್ತು ಕೊಡು, ತೊಡೆ ಮೇಲೆ ಕೂರು ಎಂಬ ಒತ್ತಾಯವಂತೂ ಬೇಡವೇ ಬೇಡ. 'ಇವಳಿಗೆ ನಾಚಿಕೆ ಜಾಸ್ತಿ' ಎಂದು ಅವಳೆದುರು ಹೇಳುವುದನ್ನೂ ನಿಲ್ಲಿಸಿ. ಕೇಳಿ ಕೇಳಿ ಅವಳೂ ಅದನ್ನೇ ನಂಬುತ್ತಾಳೆ.

ಅಂಗನವಾಡಿಯಲ್ಲೂ ತಿಂಗಳುಗಟ್ಟಲೆ ಯಾರ ಹತ್ತಿರವೂ ಒಂದು ಮಾತೂ ಆಡದಿದ್ದರೆ ಮಕ್ಕಳ ಡಾಕ್ಟರಿಗೆ ತೋರಿಸಿ.

ಇನ್ನು ಅತ್ತೆ. ವಾದಕ್ಕೆ ಇಳಿಯಬೇಡಿ. ನೆಂಟರಿಲ್ಲದ ದಿನ, ಅಡಿಕೆ ಸುಲಿಯುತ್ತಾ ಕೂತಾಗ, 'ನಿಮ್ಮ ಕೈ ಹಿಡಿದರೆ ಅವಳಿಗೆ ಧೈರ್ಯ, ಮುಂದಿನ ಸಲ ನೀವೇ ಬಾಗಿಲಿಗೆ ಕರೆದುಕೊಂಡು ಹೋಗಿ' ಅನ್ನಿ. ಜವಾಬ್ದಾರಿ ತಮ್ಮ ಕೈಗೆ ಬಂದ ಮೇಲೆ ಎಲ್ಲರೆದುರು ದೂರುವುದು ಅವರಿಗೂ ಕಷ್ಟ.