ಬಾರ್ಸಿಲೋನಾ ಬೀಚಿಗೆ ಇಡೀ ದಿನ ಎತ್ತಿಡಬೇಡಿ

ಬೇಸಿಗೆಯಲ್ಲಿ ಯುರೋಪಿಗೆ ಹೊರಟವರಿಂದ ಬಂದ ಪ್ರಶ್ನೆಗಳಲ್ಲಿ ಈ ಸಲ ಬಾರ್ಸಿಲೋನಾದ ಕಡಲತೀರದ ಬಗ್ಗೆ ಕೇಳಿದವೇ ಜಾಸ್ತಿ. ಹಾಗಾಗಿ ಅವನ್ನೆಲ್ಲ ಒಂದೇ ಕಡೆ ಸೇರಿಸಿದ್ದೇನೆ.

ಪ್ರಶ್ನೆ: ಮಗ, ಸೊಸೆ ಮ್ಯೂನಿಕ್‌ನಲ್ಲಿದ್ದಾರೆ. ಜೂನ್‌ನಲ್ಲಿ ನಾವು ಅಲ್ಲಿಗೆ ಹೋಗಿ ಒಂದು ತಿಂಗಳು ಇರುತ್ತೇವೆ. ನಡುವೆ ನಾಲ್ಕು ದಿನ, 22ರಿಂದ 25ರವರೆಗೆ, ಎಲ್ಲರೂ ಬಾರ್ಸಿಲೋನಾಕ್ಕೆ ಹೋಗುವ ಯೋಚನೆ. ಒಂದು ಪೂರ್ತಿ ದಿನ ಬೀಚಿಗೇ ಅಂತ ಮಗ ಹೇಳುತ್ತಿದ್ದಾನೆ. ನಮ್ಮ ಯಜಮಾನರಿಗೆ ಮಂಡಿನೋವು, ಮೊಮ್ಮಗನಿಗೆ ಆರು ವರ್ಷ. ಯಾವ ಬೀಚು ಒಳ್ಳೆಯದು? – ಓದುಗರು, ಮೈಸೂರು

ಉತ್ತರ: ಪೂರ್ತಿ ದಿನ ಬೇಡವೇ ಬೇಡ. ಇದು ಊರಿಂದ ದೂರ ಕಾರು ಮಾಡಿಕೊಂಡು ಹೋಗಿ, ಸಂಜೆ ಮರಳುವಂಥ ಬೀಚಲ್ಲ. ಊರೊಳಗೇ ಇದೆ, ಮೆಟ್ರೋ ಇಳಿದು ನಡೆದರೆ ಮರಳು. ಅಲ್ಲಿನವರು ಕಚೇರಿ ಮುಗಿಸಿ ಬಂದು ಒಂದು ಮುಳುಗು ಹಾಕಿ ಮನೆಗೆ ಹೋಗುತ್ತಾರೆ. ನೀವೂ ಹಾಗೇ ಮಾಡಿ. ಒಂದು ಬೆಳಗ್ಗೆ ಎರಡು ಗಂಟೆ, ಇನ್ನೊಂದು ಸಂಜೆ ಎರಡು ಗಂಟೆ. ನಡುಮಧ್ಯಾಹ್ನ ಆ ಬಿಸಿಲಲ್ಲಿ ಮಂಡಿನೋವಿನವರನ್ನು, ಮಗುವನ್ನು ಕೂರಿಸಿಕೊಂಡು ಏನು ಮಾಡುತ್ತೀರಿ? ಮರಳಿನ ಮೇಲೆ ಒಂದು ಮರದ ನೆರಳೂ ಇಲ್ಲ, ಕೊಡೆಯನ್ನು ಬಾಡಿಗೆಗೆ ಹಿಡಿಯಬೇಕು.

ಯಾವ ಬೀಚು ಅನ್ನುವುದು ಒಳ್ಳೆಯ ಪ್ರಶ್ನೆ. ಹೆಚ್ಚಿನವರು ‘ಬಾರ್ಸಿಲೋನಾ ಬೀಚ್’ ಅಂದರೆ ಒಂದೇ ಅಂದುಕೊಂಡಿರುತ್ತಾರೆ. ಸುಮಾರು ನಾಲ್ಕೂವರೆ ಕಿಲೋಮೀಟರ್ ಉದ್ದಕ್ಕೆ ಸಾಲಾಗಿ ಹಲವು ಬೀಚುಗಳಿವೆ. ನೈಋತ್ಯದ ತುದಿಯಲ್ಲಿ, ಹಾಯಿಪಟದ ಆಕಾರದ ದೊಡ್ಡ ಹೋಟೆಲಿನ ಪಕ್ಕ ಸಾಂತ್ ಸೆಬಾಸ್ಟಿಯಾ. ಅಲ್ಲಿಂದ ಸಾಂತ್ ಮಿಕೆಲ್, ಬಾರ್ಸಿಲೊನೆಟಾ, ಸೊಮೊರ್ರೊಸ್ತ್ರೊ. ಒಲಿಂಪಿಕ್ ಬಂದರು ದಾಟಿದರೆ ನೋವಾ ಇಕಾರಿಯಾ, ಬೊಗಾತೆಲ್, ಮಾರ್ ಬೆಲ್ಲಾ, ಹೀಗೇ ಮುಂದಕ್ಕೆ. ಹಳೇ ಊರಿಗೆ ಹತ್ತಿರ ಇರುವುದು ಬಾರ್ಸಿಲೊನೆಟಾ. ಪ್ರವಾಸಿಗರೆಲ್ಲ ಅಲ್ಲೇ ಸುರಿಯುತ್ತಾರೆ, ಜುಲೈ ಆಗಸ್ಟ್‌ನಲ್ಲಿ ಟವೆಲ್ ಹಾಸಲು ಜಾಗ ಹುಡುಕಬೇಕು. ಈಶಾನ್ಯಕ್ಕೆ ಹೋದಷ್ಟೂ ಪ್ರವಾಸಿಗರು ಕಡಿಮೆ, ಊರಿನವರು ಹೆಚ್ಚು.

ನಿಮಗೆ ನಾನು ಹೇಳುವುದು ನೋವಾ ಇಕಾರಿಯಾ. ಬಂದರಿನ ಗೋಡೆಯ ಮರೆ ಇರುವುದರಿಂದ ಅಲೆ ಸಣ್ಣದು, ಮಕ್ಕಳ ಕುಟುಂಬಗಳು ಹೆಚ್ಚು ಬರುತ್ತವೆ. ಇನ್ನೂ ಮುಖ್ಯವಾದದ್ದು, ಮರಳಿನ ಮೇಲೆ ನೀರಿನ ಹತ್ತಿರದವರೆಗೂ ಹಲಗೆಯ ದಾರಿ ಹಾಸಿರುತ್ತಾರೆ. ನಡೆಯಲು ಕಷ್ಟವಿರುವವರನ್ನು ನೀರಲ್ಲಿ ತೇಲುವ ಚಕ್ರದ ಕುರ್ಚಿಯಲ್ಲಿ ಕೂರಿಸಿ ಸಮುದ್ರಕ್ಕೆ ಇಳಿಸುವ ಸೇವೆಯನ್ನು ನಗರಸಭೆ ಬೇಸಿಗೆಯಲ್ಲಿ ಅಲ್ಲೇ ನಡೆಸುತ್ತದೆ. ಸಮಯವನ್ನು ನಗರಸಭೆಯ ಜಾಲತಾಣದಲ್ಲಿ ಮೊದಲೇ ನೋಡಿಕೊಳ್ಳಲು ಮಗನಿಗೆ ಹೇಳಿ. ಯಜಮಾನರು ನೀರಿಗಿಳಿಯದಿದ್ದರೂ ಮರಳಲ್ಲಿ ಕಾಲು ಹೂತು ನಡೆಯುವ ಕಷ್ಟವಾದರೂ ತಪ್ಪುತ್ತದೆ. ಮಂಡಿಗೆ ಆ ಪುಡಿ ಮರಳಿಗಿಂತ ಕೆಟ್ಟದ್ದು ಇನ್ನೊಂದಿಲ್ಲ. ಮೆಟ್ರೋ ನಿಲ್ದಾಣದಿಂದ ಸ್ವಲ್ಪ ನಡಿಗೆ ಇದೆ, ಆದ್ದರಿಂದ ಅವತ್ತು ಕಪ್ಪು-ಹಳದಿ ಟ್ಯಾಕ್ಸಿ ಹಿಡಿಯಿರಿ, ದುಡ್ಡಿನ ಮುಖ ನೋಡಬೇಡಿ.

ನಿಮ್ಮ ತಾರೀಖಿನಲ್ಲಿ ಒಂದು ತೊಡಕಿದೆ. ಜೂನ್ 23ರ ರಾತ್ರಿ ಅಲ್ಲಿ ಸಾಂತ್ ಜುವಾನ್ ಹಬ್ಬ. ಊರ ತುಂಬ ಬೆಂಕಿ, ಪಟಾಕಿ. ಬೀಚುಗಳಲ್ಲಿ ಸಾವಿರಾರು ಜನ ಬೆಳಗಿನವರೆಗೂ ಕುಡಿದು ಕುಣಿಯುತ್ತಾರೆ. 24 ಸರ್ಕಾರಿ ರಜೆ. ಅವತ್ತು ಬೆಳಗಾಗುತ್ತಲೇ ಪೊಲೀಸರು ಜನರನ್ನು ಎಬ್ಬಿಸಿ ಕಳಿಸುತ್ತಾರೆ, ಕಸ ಬಾಚುವ ಯಂತ್ರಗಳು ಇಳಿಯುತ್ತವೆ. ಯುವಕರಿಗೆ ಇದು ವರ್ಷದ ಅತ್ಯುತ್ತಮ ರಾತ್ರಿ. ಪಟಾಕಿ ಸದ್ದಿಗೆ ಬೆಚ್ಚುವ ಮಗುವಿದ್ದರೆ ಅಲ್ಲ. 22ರ ಸಂಜೆ ಒಮ್ಮೆ, 25ರ ಬೆಳಗ್ಗೆ ಒಮ್ಮೆ ಹೋಗಿ. ಆ ದಿನಗಳಲ್ಲಿ ಸೂರ್ಯ ಮುಳುಗುವಾಗ ರಾತ್ರಿ ಒಂಬತ್ತೂವರೆ ಹತ್ತಿರ ಆಗಿರುತ್ತದೆ, ಆದ್ದರಿಂದ ಸಂಜೆ ಏಳಕ್ಕೆ ಹೊರಟರೂ ತಡವಲ್ಲ.

ವೀಸಾ ವಿಷಯ ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ನೀವು ಹೆಚ್ಚು ದಿನ ಇರುವುದು ಜರ್ಮನಿಯಲ್ಲಿ. ಹಾಗಾಗಿ ಷೆಂಗೆನ್ ವೀಸಾಕ್ಕೆ ಅರ್ಜಿ ಹಾಕಬೇಕಾದದ್ದು ಜರ್ಮನಿಗೇ ಹೊರತು ಸ್ಪೇನಿಗಲ್ಲ. ಅದೇ ವೀಸಾದಲ್ಲಿ ಬಾರ್ಸಿಲೋನಾಕ್ಕೂ ಹೋಗಿ ಬರಬಹುದು.

ಪ್ರಶ್ನೆ: ನಾವು ಮಲ್ಪೆ, ಕಾಪು ನೋಡಿ ಬೆಳೆದವರು. ಅಲ್ಲಿನ ಸಮುದ್ರದಲ್ಲಿ ನೋಡಲು ಹೊಸತೇನಿದೆ? ಈಜು ಚೆನ್ನಾಗಿ ಬರುತ್ತದೆ. ಸೂರ್ಯಾಸ್ತಕ್ಕೆ ಯಾವ ಜಾಗ ಒಳ್ಳೆಯದು? – ಓದುಗರು, ಉಡುಪಿ

ಉತ್ತರ: ಸೂರ್ಯಾಸ್ತ ನೋಡಲು ಬೀಚಿಗೆ ಹೋದರೆ ಬೆನ್ನು ತಿರುಗಿಸಿ ನಿಲ್ಲಬೇಕಾದೀತು. ನಮ್ಮ ಕರಾವಳಿಗೆ ಸಮುದ್ರ ಪಡುವಣಕ್ಕೆ. ಬಾರ್ಸಿಲೋನಾಕ್ಕೆ ಅದು ಆಗ್ನೇಯಕ್ಕೆ. ಸೂರ್ಯ ಅಲ್ಲಿ ನೀರಿಂದ ಹುಟ್ಟಿ, ಊರ ಹಿಂದಿನ ಕೊಲ್ಸೆರೋಲಾ ಗುಡ್ಡಗಳ ಆಚೆ ಇಳಿಯುತ್ತಾನೆ. ಜೂನ್ ಕೊನೆಯಲ್ಲಿ ಸೂರ್ಯೋದಯ ಬೆಳಗ್ಗೆ ಆರೂಕಾಲರ ಆಸುಪಾಸು. ಕಡಲ ಮೇಲಿನ ಚಂದ ನೋಡಬೇಕಿದ್ದರೆ ಅದೇ ಹೊತ್ತು. ರಾತ್ರಿಯ ಕಸ ಬಾಚಿ ಮರಳು ಸಾಪಾಗಿರುತ್ತದೆ. ಪ್ರವಾಸಿಗರು ಇನ್ನೂ ಎದ್ದಿರುವುದಿಲ್ಲ. ಇಳಿವಯಸ್ಸಿನ ಒಂದಷ್ಟು ಜನ ಮಾತ್ರ ಗಂಭೀರವಾಗಿ ಈಜುತ್ತಿರುತ್ತಾರೆ.

ನೀರಿನ ವಿಷಯಕ್ಕೆ ಬಂದರೆ, ನಿಮಗೆ ಮೊದಲು ಕಾಣುವುದು ಉಬ್ಬರವಿಳಿತ ಇಲ್ಲದಿರುವುದು. ಇಲ್ಲವೇ ಇಲ್ಲ ಅಂತಲ್ಲ, ಆದರೆ ಒಂದು ಗೇಣಿನಷ್ಟು. ಜಿಬ್ರಾಲ್ಟರಿನ ಕಿರಿದಾದ ಬಾಯಿಯಿಂದ ಅಟ್ಲಾಂಟಿಕ್‌ನ ಉಬ್ಬರ ಒಳಗೆ ಬರಲಾರದು. ಹಾಗಾಗಿ ಬೆಳಗ್ಗೆ ಹಾಸಿದ ಚಾಪೆ ಸಂಜೆಯೂ ಒಣಗೇ ಇರುತ್ತದೆ. ಉಪ್ಪು ನಮ್ಮಲ್ಲಿಗಿಂತ ಹೆಚ್ಚು. ಮಹಾಸಾಗರದಲ್ಲಿ ಸಾಮಾನ್ಯವಾಗಿ ಲೀಟರಿಗೆ 35 ಗ್ರಾಂ ಇದ್ದರೆ ಅಲ್ಲಿ ಸುಮಾರು 38. ಮಳೆ, ನದಿಗಳಿಂದ ಬರುವ ಸಿಹಿನೀರಿಗಿಂತ ಆವಿಯಾಗಿ ಹೋಗುವುದೇ ಜಾಸ್ತಿ. ತೇಲುವುದು ಸುಲಭ, ಕಣ್ಣು ಉರಿಯುವುದೂ ಹೆಚ್ಚು. ಈಜು ಕನ್ನಡಕ ಮರೆಯಬೇಡಿ.

ಚಳಿಗೆ ತಯಾರಾಗಿ ಹೋಗಿ. ಮಲ್ಪೆಯ ಬೆಚ್ಚಗಿನ ನೀರಿಗೆ ಒಗ್ಗಿದ ಮೈ ಅಲ್ಲಿ ಮೇ ತಿಂಗಳಲ್ಲಿ 17–18 ಡಿಗ್ರಿಯ ನೀರಿಗೆ ಇಳಿದರೆ ಉಸಿರು ಕಟ್ಟಿದ ಹಾಗಾಗುತ್ತದೆ. ಆಗಸ್ಟ್‌ನಲ್ಲಿ 25ರ ಆಸುಪಾಸಿಗೆ ಬರುತ್ತದೆ. ನನ್ನನ್ನು ಕೇಳಿದರೆ ಸೆಪ್ಟೆಂಬರ್ ಮೊದಲ ಹದಿನೈದು ದಿನ ಎಲ್ಲಕ್ಕಿಂತ ಒಳ್ಳೆಯದು. ನೀರು ಇನ್ನೂ ಬೆಚ್ಚಗಿರುತ್ತದೆ, ಜನ ಕಡಿಮೆಯಾಗಿರುತ್ತಾರೆ. ಆಮೇಲೆ ಜಡಿಮಳೆಯ ಕಾಲ. ಜೋರು ಮಳೆ ಬಂದರೆ ಊರ ಚರಂಡಿ ನೀರು ಉಕ್ಕಿ ಸಮುದ್ರ ಸೇರುವುದುಂಟು, ಆಗ ಸ್ನಾನ ನಿಷೇಧಿಸುತ್ತಾರೆ. ಮಳೆಯ ಮರುದಿನ ಬಾವುಟ ನೋಡದೆ ನೀರಿಗೆ ಕಾಲಿಡಬೇಡಿ. ಹಸಿರು ಸರಿ, ಹಳದಿಗೆ ಎಚ್ಚರ, ಕೆಂಪಿದ್ದರೆ ಇಳಿಯುವಂತಿಲ್ಲ.

ಚೆನ್ನಾಗಿ ಈಜುವವರಿಗೇ ಇನ್ನೊಂದು ಮಾತು. ಕಲ್ಲಿನ ತಡೆಗೋಡೆಗಳ ಪಕ್ಕ ಈಜಬೇಡಿ. ಅಲೆ ಸಣ್ಣದಿದ್ದರೂ ಆ ಕಲ್ಲುಗಳ ಬದಿಯಲ್ಲಿ ಸೆಳೆತ ಇರುತ್ತದೆ. ಕೆಲವು ಕಡೆ ನಾಲ್ಕು ಹೆಜ್ಜೆಗೇ ಆಳ ಸಿಗುತ್ತದೆ. ಬೇಸಿಗೆಯಲ್ಲಿ ಲೋಳೆಮೀನು ಬರುತ್ತದೆ, ಅದರಲ್ಲೂ ನೇರಳೆ ಬಣ್ಣದ್ದು ಚೆನ್ನಾಗಿ ಕುಟುಕುತ್ತದೆ. ತಾಗಿದರೆ ಉಜ್ಜಬೇಡಿ, ನಲ್ಲಿ ನೀರು ಹಾಕಬೇಡಿ. ಸಮುದ್ರದ ನೀರಲ್ಲೇ ತೊಳೆದು ಜೀವರಕ್ಷಕರ ಠಾಣೆಗೆ ಹೋಗಿ.

ಹೊಸತೇನಿದೆ ಅಂದಿರಲ್ಲ. ಆ ಬೀಚೇ ಹೊಸತು! ಬಾರ್ಸಿಲೊನೆಟಾ ಮೀನುಗಾರರ, ಬಂದರು ಕೂಲಿಗಳ ಕೇರಿ. 1714ರಲ್ಲಿ ಸ್ಪೇನಿನ ರಾಜನ ಸೈನ್ಯಕ್ಕೆ ಊರು ಸೋತ ಮೇಲೆ ಕೋಟೆ ಕಟ್ಟಲು ರಿಬೇರಾ ಬಡಾವಣೆಯ ಮನೆಗಳನ್ನು ಕೆಡವಿದರು. ಅಲ್ಲಿನವರಿಗಾಗಿ ದಶಕಗಳ ನಂತರ, 1753ರಲ್ಲಿ ಈ ಕೇರಿ ಕಟ್ಟಲು ಶುರುಮಾಡಿದರು. ಈಗಲೂ ಒಳಗೆ ಹೊಕ್ಕರೆ ನೇರ ಗೆರೆ ಎಳೆದಂಥ ಕಿರುಬೀದಿಗಳು, ಎದುರುಬದಿರು ಬಾಲ್ಕನಿಗಳಲ್ಲಿ ಒಣಗಿಸಿದ ಬಟ್ಟೆ. ಅದರಾಚೆ ಕಡಲ ಅಂಚಿನಲ್ಲಿ ಕಾರ್ಖಾನೆಗಳು, ಗೋದಾಮುಗಳು, 1848ರಲ್ಲಿ ಹತ್ತಿರದ ಮತಾರೋ ಊರಿಗೆ ಹಾಕಿದ ರೈಲು ಹಳಿ. ಈಗಿನ ಸೊಮೊರ್ರೊಸ್ತ್ರೊ ಬೀಚಿನ ಜಾಗದಲ್ಲಿ ಗುಡಿಸಲುಗಳ ದೊಡ್ಡ ಸಾಲಿತ್ತು. ಫ್ಲಮೆಂಕೊ ನರ್ತಕಿ ಕಾರ್ಮೆನ್ ಅಮಾಯಾ ಹುಟ್ಟಿದ್ದು ಅಲ್ಲೇ. 1966ರಲ್ಲಿ ಅದನ್ನು ಕೆಡವಿದರು. 1992ರ ಒಲಿಂಪಿಕ್ಸ್‌ಗಾಗಿ ಹಳಿ, ಕಾರ್ಖಾನೆ ತೆಗೆದು, ಮರಳು ಸುರಿದು, ತಡೆಗೋಡೆ ಕಟ್ಟಿ ಈ ಬೀಚುಗಳನ್ನು ಮಾಡಿದ್ದು. ವಾಸ್ತುಶಿಲ್ಪಿ ಫ್ರಾಂಕ್ ಗೆಹ್ರಿ ಮಾಡಿದ ಚಿನ್ನದ ಬಣ್ಣದ ದೊಡ್ಡ ಮೀನೂ ಆಗಿನದೇ. ಆದರೆ ಸುರಿದ ಮರಳು ನಿಲ್ಲುವುದಿಲ್ಲ. 2020ರ ಜನವರಿಯ ಗ್ಲೋರಿಯಾ ಬಿರುಗಾಳಿ ಬಹಳಷ್ಟನ್ನು ಒಯ್ದಿತು. ಉಳ್ಳಾಲದ ಕಡಲ್ಕೊರೆತ ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಪ್ರಶ್ನೆ: ಒಬ್ಬನೇ ಹೋಗುತ್ತಿದ್ದೇನೆ. ಕಳ್ಳರ ಕಾಟ ಅಂತ ಎಲ್ಲರೂ ಹೆದರಿಸುತ್ತಾರೆ. ನೀರಿಗಿಳಿದರೆ ಫೋನು, ಪಾಸ್‌ಪೋರ್ಟು ಎಲ್ಲಿಡುವುದು? – ಓದುಗರು, ಬೆಂಗಳೂರು

ಉತ್ತರ: ಹೆದರಿಕೆ ಸುಳ್ಳಲ್ಲ, ಆದರೆ ಅಲ್ಲಿ ನಡೆಯುವುದು ಹೆಚ್ಚಾಗಿ ಹೊಡೆದು ಕಸಿಯುವ ಕಳ್ಳತನವಲ್ಲ, ಗಮನ ತಪ್ಪಿಸಿ ಎತ್ತುವುದು. ನೀವು ಮಲಗಿರುತ್ತೀರಿ. ಒಬ್ಬ ಬಂದು ಮ್ಯಾಪ್ ತೋರಿಸಿಯೋ ಸಿಗರೇಟು ಕೇಳಿಯೋ ಎಡಕ್ಕೆ ನೋಡುವ ಹಾಗೆ ಮಾಡುತ್ತಾನೆ. ಬಲಕ್ಕಿದ್ದ ಚೀಲ ಹೋಗಿರುತ್ತದೆ. ಅಂದ ಹಾಗೆ, 2022ರ ಜುಲೈಯಿಂದ ಅಲ್ಲಿನ ಬೀಚುಗಳಲ್ಲಿ ಸಿಗರೇಟು ಸೇದುವಂತಿಲ್ಲ, 30 ಯೂರೋ ದಂಡ. ಬೆಂಕಿಪೊಟ್ಟಣ ಕೇಳುತ್ತ ಬಂದವನ ಮೇಲೆ ಅನುಮಾನ ಪಡಲು ಅದೊಂದು ಕಾರಣ ಸಾಕು.

ಒಬ್ಬರೇ ಹೋಗುವವರಿಗೆ ನನ್ನ ಸಲಹೆ ಇಷ್ಟೇ: ಕಳೆದುಕೊಳ್ಳಬಾರದ್ದನ್ನು ಮರಳಿಗೆ ತರಲೇಬೇಡಿ. ಪಾಸ್‌ಪೋರ್ಟು ರೂಮಿನ ಲಾಕರಿನಲ್ಲಿರಲಿ, ಜೆರಾಕ್ಸ್ ಸಾಕು. ಒಂದು ಕಾರ್ಡು, 20 ಯೂರೋ, ರೂಮಿನ ಕೀಲಿ, ಇಷ್ಟನ್ನು ನೀರು ಹೋಗದ ಪುಟ್ಟ ಚೀಲಕ್ಕೆ ಹಾಕಿ ಕೊರಳಿಗೆ ಕಟ್ಟಿಕೊಂಡೇ ಈಜಿ. ಫೋನೂ ಅದರೊಳಗೆ ಹೋಗುತ್ತದೆ. ಚಪ್ಪಲಿ, ಟವೆಲ್ ದಡದಲ್ಲಿರಲಿ, ಹೋದರೆ ಹೋಗಲಿ. ‘ಪಕ್ಕದಲ್ಲಿ ಕುಟುಂಬ ಇದೆ, ಚೀಲ ನೋಡಿಕೊಳ್ಳಿ ಅಂದೆ’ ಅನ್ನುವವರಿದ್ದಾರೆ. ಆ ಕುಟುಂಬ ಎದ್ದು ಹೋದರೆ? ಮೆಟ್ರೋದಲ್ಲಿ ಬಾಗಿಲ ಪಕ್ಕ ನಿಂತು ಫೋನ್ ನೋಡುವುದೂ ಬೇಡ.

ಕಳುವಾದರೆ ಮೊಸೊಸ್ ಅನ್ನುವ, ಬಾರ್ಸಿಲೋನಾ ಇರುವ ಕತಲೋನಿಯಾ ಪ್ರಾಂತ್ಯದ ಪೊಲೀಸರಲ್ಲಿ ದೂರು ಕೊಟ್ಟು ಪ್ರತಿ ತೆಗೆದುಕೊಳ್ಳಿ. ವಿಮೆಯವರು ಕೇಳುವುದು ಅದನ್ನೇ. ತುರ್ತಿಗೆ 112.

ಇನ್ನೊಂದು ವಿಷಯ. ‘ಸೆರ್ವೇಸಾ, ಬೀರ್, ಮೊಹಿತೋ’ ಎಂದು ಕೂಗುತ್ತ ಓಡಾಡುವವರು ಸಿಗುತ್ತಾರೆ. ನಿಮ್ಮ ಮುಖ ನೋಡಿ ಹಿಂದಿಯಲ್ಲೇ ಮಾತಾಡಿಸಿಯಾರು. ಅವರದ್ದು ಹೊಟ್ಟೆಪಾಡು, ಜಗಳ ಬೇಡ. ಆದರೆ ಆ ಮಾರಾಟಕ್ಕೆ ಪರವಾನಗಿ ಇಲ್ಲ, ಬೀರಿನ ಡಬ್ಬಿಗಳನ್ನು ಚರಂಡಿ ಮುಚ್ಚಳದಡಿ ಅಡಗಿಸಿಡುವುದೂ ಉಂಟು. ಬಾಯಾರಿದರೆ ಚಿರಿಂಗೀತೊ ಅಂತ ಕರೆಯುವ ಬೀಚಿನ ಅಂಗಡಿಗೆ ಹೋಗಿ, ನಾಲ್ಕು ಕಾಸು ಹೆಚ್ಚಾದರೂ ಸರಿ.

ಪ್ರಶ್ನೆ: ನಾವು ಶುದ್ಧ ಸಸ್ಯಾಹಾರಿಗಳು, ಮೊಟ್ಟೆಯೂ ಇಲ್ಲ. ಬೀಚಿನ ಹತ್ತಿರ ಏನಾದರೂ ಸಿಕ್ಕೀತೇ? – ಓದುಗರು, ಹುಬ್ಬಳ್ಳಿ

ಉತ್ತರ: ಸಿಗುತ್ತದೆ, ಆದರೆ ಕೇಳುವ ರೀತಿ ಗೊತ್ತಿರಬೇಕು. ‘ಮಾಂಸ ಬೇಡ’ ಅಂದರೆ ಮೀನು ಹಾಕಿ ತರುತ್ತಾರೆ. ‘ಮಿಶ್ರ ಸಲಾಡ್’ ಅಂತ ಬರೆದಿದ್ದರ ಮೇಲೆ ಬಹಳ ಸಲ ಟ್ಯೂನಾ ಮೀನು ಕೂತಿರುತ್ತದೆ. ತರಕಾರಿ ಪಾಯೆಯಾ ಅಂದರೂ ಅನ್ನ ಬೇಯಿಸಿದ್ದು ಮೀನಿನ ಸಾರಿನಲ್ಲೇ ಇರಬಹುದು, ಬಿಡಿಸಿ ಕೇಳಿ. ಹಂದಿಮಾಂಸ, ಮೀನು, ಟ್ಯೂನಾ, ಮೊಟ್ಟೆ ಎಲ್ಲವನ್ನೂ ಹೆಸರಿಟ್ಟು ಬೇಡ ಅನ್ನಿ. ಸ್ಪ್ಯಾನಿಷ್‌ನಲ್ಲಿ ಚೀಟಿ ಬರೆದಿಟ್ಟುಕೊಂಡರೆ ಇನ್ನೂ ಒಳ್ಳೆಯದು.

ನಿಶ್ಚಿಂತೆಯಿಂದ ತಿನ್ನಬಹುದಾದದ್ದು ಪಾ ಅಂಬ್ ತುಮಾಕೆಟ್. ಕಾಯಿಸಿದ ಬ್ರೆಡ್ಡಿನ ಮೇಲೆ ಹಣ್ಣು ಟೊಮೆಟೊವನ್ನು ಉಜ್ಜಿ, ಆಲಿವ್ ಎಣ್ಣೆ ಸುರಿದು, ಉಪ್ಪು ಉದುರಿಸಿ ಕೊಡುತ್ತಾರೆ. ಬೆಳ್ಳುಳ್ಳಿ ಬೇಕಾದರೆ ಅದನ್ನೂ ಉಜ್ಜುವುದುಂಟು. ಎಸ್ಕಲಿವಾಡ ಅಂದರೆ ಸುಟ್ಟ ಬದನೆ, ದೊಣ್ಣೆಮೆಣಸು. ಕೇಳುವಾಗ ಮೇಲೆ ಮೀನು ಬೇಡ ಅನ್ನಿ. ಬದನೆಕಾಯಿ ಎಣ್ಣೆಗಾಯಿ ತಿಂದವರಿಗೆ ಖಾರ ಸಾಲದು, ರುಚಿಗೆ ಕೊರತೆಯಿಲ್ಲ. ಪತಾತಾಸ್ ಬ್ರಾವಾಸ್ ಹುರಿದ ಆಲೂಗಡ್ಡೆ. ಅದರ ಬಿಳಿ ಸಾಸಿನಲ್ಲಿ ಮೊಟ್ಟೆ ಇರುವುದುಂಟು, ಕೆಂಪಿನದು ಮಾತ್ರ ಕೇಳಿ. ರೊಟ್ಟಿ, ಚಟ್ನಿಪುಡಿ ಜೊತೆಗೇ ಇರಲಿ, ಹೇಗಿದ್ದರೂ ಒಯ್ಯುತ್ತೀರಿ. ಅಕ್ಕಿ, ಬೇಳೆ ಬೇಕಾದರೆ ರವಾಲ್ ಬಡಾವಣೆಯಲ್ಲಿ ನಮ್ಮ ಕಡೆಯ ಸಾಮಾನಿನ ಅಂಗಡಿಗಳಿವೆ. ಊಟದ ಹೊತ್ತು ನೆನಪಿಡಿ: ಮಧ್ಯಾಹ್ನ ಒಂದೂವರೆಯಿಂದ ಮೂರೂವರೆ, ರಾತ್ರಿ ಎಂಟೂವರೆ ಮೇಲೆ. ನಡುವೆ ಬಹಳಷ್ಟು ಅಡುಗೆಮನೆ ಮುಚ್ಚಿರುತ್ತದೆ.

ಪ್ರಶ್ನೆ: ಅಲ್ಲಿ ಬಟ್ಟೆಬರೆ ವಿಚಾರದಲ್ಲಿ ನಮಗೆ ಮುಜುಗರವಾಗುತ್ತದೆಯೇ? ಚೂಡಿದಾರ್‌ನಲ್ಲಿ ನೀರಿಗಿಳಿಯಬಹುದೇ? – ಓದುಗರು, ಶಿವಮೊಗ್ಗ

ಉತ್ತರ: ಮೇಲುಡುಪಿಲ್ಲದೆ ಬಿಸಿಲು ಕಾಯುವ ಹೆಂಗಸರು ಯಾವ ಬೀಚಿನಲ್ಲೂ ಕಾಣುತ್ತಾರೆ, ಅಲ್ಲಿ ಅದು ಮಾಮೂಲು. ಬಟ್ಟೆಯೇ ಇಲ್ಲದವರಿಗೆ ಮಾರ್ ಬೆಲ್ಲಾದಲ್ಲಿ ಜಾಗವಿದೆ, ಮಕ್ಕಳು ಜೊತೆಗಿದ್ದರೆ ಮೊದಲೇ ತಿಳಿದಿರಲಿ. ಯಾರನ್ನೂ ದಿಟ್ಟಿಸಬೇಡಿ, ನಿಮ್ಮವರ ಫೋಟೋ ತೆಗೆಯುವಾಗ ಹಿಂದೆ ಯಾರಿದ್ದಾರೆ ನೋಡಿ. ನೀವು ಏನು ಹಾಕಿದ್ದೀರಿ ಅಂತ ತಿರುಗಿ ನೋಡುವವರಿಲ್ಲ. ಆದರೂ ಚೂಡಿದಾರ್ ಬೇಡ, ವೇಲು ಕಾಲಿಗೆ ಸುತ್ತಿಕೊಂಡರೆ ಅಪಾಯ. ಮೈತುಂಬ ಮುಚ್ಚುವ ಈಜುಡುಗೆ ನಮ್ಮಲ್ಲೇ ಸಿಗುತ್ತದೆ. ಗಂಡಸರಿಗೂ ಒಂದು ಮಾತು: 2011ರ ನಿಯಮದಂತೆ ಬರಿಮೈಯಲ್ಲಿ ಬೀದಿಯಲ್ಲಿ ಓಡಾಡಿದರೆ ದಂಡ. ಮರಳು ದಾಟಿದ ಮೇಲೆ ಅಂಗಿ ಹಾಕಿ.

ಪ್ರಶ್ನೆ: ನಾವು ಐದು ಜನ. ಮೆಟ್ರೋಗೆ ಹತ್ತು ಟ್ರಿಪ್ಪಿನ ಕಾರ್ಡ್ ಒಂದು ತೆಗೆದರೆ ಎಲ್ಲರಿಗೂ ಆಗುತ್ತದೆಯೇ? – ಓದುಗರು, ದಾವಣಗೆರೆ

ಉತ್ತರ: ಆಗುವುದಿಲ್ಲ. ಟಿ-ಕ್ಯಾಶುಯಲ್ ಅನ್ನುವ ಆ ಕಾರ್ಡು ಒಬ್ಬರಿಗೆ ಮಾತ್ರ, ವಿಮಾನ ನಿಲ್ದಾಣದ ಮೆಟ್ರೋಗೂ ನಡೆಯದು. ನಿಮಗೆ ಬೇಕಾದ್ದು ಟಿ-ಫ್ಯಾಮಿಲಿಯರ್. ಎಂಟು ಟ್ರಿಪ್ಪು, ಹಲವರು ಒಂದರಲ್ಲೇ ಹೋಗಬಹುದು, ಒಬ್ಬೊಬ್ಬರಿಗೆ ಒಂದೊಂದು ಸಲ ಮುಟ್ಟಿಸಬೇಕು. ಐದು ಜನ ಬೀಚಿಗೆ ಹೋಗಿ ಬಂದರೆ ಹತ್ತು ಟ್ರಿಪ್ಪಾಯಿತು, ಆದ್ದರಿಂದ ಎರಡು ಕಾರ್ಡು ತೆಗೆಯಿರಿ. ಬೀಚುಗಳಿಗೆ ಹತ್ತಿರ ಹಳದಿ ಬಣ್ಣದ ನಾಲ್ಕನೇ ಲೈನು: ಹಳೇ ಕೇರಿ ನೋಡಬೇಕಾದರೆ ಬಾರ್ಸಿಲೊನೆಟಾದಲ್ಲಿ, ಬೊಗಾತೆಲ್‌ಗೆ ಯಾಕುನಾದಲ್ಲಿ ಇಳಿಯಿರಿ.