ಮಾತ್ರೆ ಶುರುವಾದ ಮೇಲೆ ಮಗಳು ಬದಲಾಗಿದ್ದಾಳೆ

ಪ್ರಶ್ನೆ: ನಮ್ಮದು ಸಕಲೇಶಪುರ ತಾಲ್ಲೂಕಿನ ಒಂದು ಹಳ್ಳಿ, ಮೂರು ಎಕರೆ ಕಾಫಿ ತೋಟವಿದೆ. ಹತ್ತು ವರ್ಷದ ಮಗಳು ಗಳಿಗೆಗೊಮ್ಮೆ ಬಚ್ಚಲಿಗೆ ಹೋಗಿ ಕೈ ತೊಳೆಯುತ್ತ, ಬೆರಳ ಸಂದಿಯ ಚರ್ಮ ಬಿರಿದು ರಕ್ತ ಜಿನುಗುವಂತಾದಾಗ ಹಾಸನದಲ್ಲಿ ಮನೋವೈದ್ಯರಿಗೆ ತೋರಿಸಿದೆವು. ಗೀಳು ಕಾಯಿಲೆ ಎಂದು ಹೇಳಿ ಫ್ಲೂಆಕ್ಸೆಟಿನ್ 10 ಮಿಲಿಗ್ರಾಂ ಕೊಟ್ಟರು. ಎರಡು ವಾರದ ನಂತರ 20ಕ್ಕೆ ಏರಿಸಿದರು. ಅದಾಗಿ ವಾರ ಕಳೆಯುವುದರೊಳಗೆ, ಎಂದೂ ಎದುರು ಮಾತನಾಡದಿದ್ದ ಹುಡುಗಿ ಅಜ್ಜಿಗೆ ಬಾಯಿಗೆ ಬಂದಂತೆ ಬೈಯುತ್ತಾಳೆ, ತಮ್ಮನಿಗೆ ಹೊಡೆಯುತ್ತಾಳೆ, ರಾತ್ರಿ ಒಂದು ಗಂಟೆಗೆ ಎದ್ದು ಜಗಲಿಯ ಉದ್ದಕ್ಕೂ ಓಡಾಡುತ್ತಾಳೆ. ಶಾಲೆಯಿಂದ ಎರಡು ಸಲ ಕರೆಸಿದರು. ಯಜಮಾನರು ಸಿಟ್ಟಿನಲ್ಲಿ ಕೈ ಮಾಡಿಯೂ ಬಿಟ್ಟರು. ಮಾತ್ರೆಯನ್ನು ಒಲೆಗೆ ಹಾಕು ಎನ್ನುತ್ತಾರೆ ಅತ್ತೆ. ಮುಂದಿನ ಭೇಟಿಗೆ ಇನ್ನೂ ಹದಿನೆಂಟು ದಿನವಿದೆ. ಮೊನ್ನೆ ರಾತ್ರಿ ಅವಳೇ ನನ್ನ ಸೆರಗು ಹಿಡಿದು, “ಅಮ್ಮಾ, ನನ್ನೊಳಗೆ ಏನೋ ಓಡ್ತಾ ಇದೆ, ನಿಲ್ಲಿಸೋಕೆ ಆಗ್ತಿಲ್ಲ, ನಾನು ಕೆಟ್ಟವಳಾಗಿಬಿಟ್ಟೆನಾ?” ಎಂದು ಕೇಳಿದಳು. ಏನು ಹೇಳಬೇಕೋ ತೋಚಲಿಲ್ಲ. ಇದು ಹಟವೋ, ಕಾಯಿಲೆಯೋ, ಮಾತ್ರೆಯೋ?

— ಹೆಸರು ಬೇಡ, ಸಕಲೇಶಪುರ ತಾಲ್ಲೂಕು

ಉತ್ತರ: ಮಗುವನ್ನು ಕಣ್ಣಾರೆ ನೋಡದೆ ರೋಗನಿರ್ಣಯ ಮಾಡುವುದು ಸರಿಯಲ್ಲ. ಆದರೂ ನಿಮ್ಮ ಪತ್ರದಲ್ಲಿರುವ ದಿನಗಳ ಲೆಕ್ಕವೇ ಬಹಳಷ್ಟನ್ನು ಹೇಳುತ್ತಿದೆ. ಹತ್ತು ವರ್ಷ ಒಂದು ಸ್ವಭಾವದಲ್ಲಿ ಬೆಳೆದ ಮಗು, ಮಾತ್ರೆಯ ಪ್ರಮಾಣ ಏರಿದ ವಾರದೊಳಗೆ ನಿದ್ದೆಗೆಟ್ಟು, ಕಾಲು ನಿಲ್ಲದೆ, ನಾಲಿಗೆಯ ಮೇಲೆ ಹಿಡಿತ ತಪ್ಪಿ ನಡೆದುಕೊಳ್ಳುತ್ತಿದ್ದರೆ, ಮೊದಲು ಅನುಮಾನಿಸಬೇಕಾದದ್ದು ಮಾತ್ರೆಯನ್ನು, ಮಗುವನ್ನಲ್ಲ.

ಫ್ಲೂಆಕ್ಸೆಟಿನ್ ಕೆಟ್ಟ ಔಷಧವೇನಲ್ಲ. ಮಕ್ಕಳ ಗೀಳು ಕಾಯಿಲೆಗೆ ಅದನ್ನು ಬಹಳ ವರ್ಷಗಳಿಂದ ಬಳಸುತ್ತಿದ್ದೇವೆ. ಅದು ಮಿದುಳಿನ ಸಿರೊಟೋನಿನ್ ಎಂಬ ರಾಸಾಯನಿಕದ ಮೇಲೆ ಕೆಲಸ ಮಾಡುತ್ತದೆ. ಗೀಳಿನ ಮೇಲೆ ಅದರ ಗುಣ ಕಾಣಲು ಹಲವು ವಾರಗಳೇ ಬೇಕಾಗುತ್ತವೆ, ಆದರೆ ಚಡಪಡಿಕೆ, ಸಿಡುಕು, ನಿದ್ರಾಭಂಗ, ಸಂಕೋಚವಿಲ್ಲದ ನಡವಳಿಕೆ ಮುಂತಾದ ಅಡ್ಡಪರಿಣಾಮಗಳು ಕೆಲವು ಮಕ್ಕಳಲ್ಲಿ ಮೊದಲ ದಿನಗಳಲ್ಲೇ ಅಥವಾ ಪ್ರಮಾಣ ಏರಿಸಿದ ಕೂಡಲೇ ತಲೆದೋರುತ್ತವೆ. ದೊಡ್ಡವರಿಗಿಂತ ಚಿಕ್ಕ ಮಕ್ಕಳಲ್ಲಿ ಇದು ಹೆಚ್ಚು. ಸಾಮಾನ್ಯವಾಗಿ ಪ್ರಮಾಣ ಇಳಿಸಿದರೆ ಇಳಿಯುತ್ತದೆ. ಇದನ್ನು ಔಷಧ ಬರೆಯುವ ಹೊತ್ತಿಗೇ ತಂದೆತಾಯಿಗೆ ಬಿಡಿಸಿ ಹೇಳಬೇಕಾದದ್ದು ನಮ್ಮ ಕರ್ತವ್ಯ; ಹೊರರೋಗಿ ವಿಭಾಗದ ನೂಕುನುಗ್ಗಲಿನಲ್ಲಿ ಎಷ್ಟೋ ಸಲ ನಾವು ಹೇಳದೆ ಉಳಿಯುತ್ತೇವೆ, ಅದರ ದಂಡವನ್ನು ನಿಮ್ಮ ಮಗಳಂಥವರು ಪೆಟ್ಟು ತಿಂದು ತೆರುತ್ತಾರೆ ಎಂಬುದು ನನಗೆ ನಿಜವಾಗಿಯೂ ನೋವಿನ ಸಂಗತಿ.

ಹಾಗಾದರೆ ಅತ್ತೆಯವರು ಹೇಳಿದಂತೆ ಮಾತ್ರೆಯನ್ನು ಒಲೆಗೆ ಹಾಕಬೇಕೇ? ಬೇಡ, ಹದಿನೆಂಟು ದಿನ ಕಾಯುವುದೂ ಬೇಡ. ನಾಳೆ ಬೆಳಿಗ್ಗೆಯೇ ಔಷಧ ಬರೆದುಕೊಟ್ಟ ವೈದ್ಯರಿಗೆ ಫೋನ್ ಮಾಡಿ, ಸಿಗದಿದ್ದರೆ ಚೀಟಿ ಹಿಡಿದು ನೇರವಾಗಿ ಹೋಗಿ, “20ಕ್ಕೆ ಏರಿಸಿದ ಮೇಲೆ ಹೀಗಾಗಿದೆ” ಎಂದು ಇದೇ ಮಾತಿನಲ್ಲಿ ಹೇಳಿ. ಹಳೆಯ ಪ್ರಮಾಣಕ್ಕೆ ಇಳಿಸುವುದೋ, ನಿಧಾನವಾಗಿ ಏರಿಸುವುದೋ, ಬೇರೆ ಔಷಧಕ್ಕೆ ಬದಲಿಸುವುದೋ ಎಂಬುದನ್ನು ಅವರು ತೀರ್ಮಾನಿಸಲಿ. ಈ ಔಷಧದ ಅಂಶ ದೇಹದಿಂದ ಪೂರ್ತಿ ಹೋಗಲು ಕೆಲವು ವಾರ ಬೇಕಾಗುವುದರಿಂದ, ಪ್ರಮಾಣ ಇಳಿಸಿದ ಮರುದಿನವೇ ಮಗು ಮೊದಲಿನಂತಾಗಲಿಲ್ಲವೆಂದು ಧೈರ್ಯಗೆಡಬೇಡಿ. ನಿಮ್ಮ ಮನೆತನದಲ್ಲಿ ಯಾರಿಗಾದರೂ ಉನ್ಮಾದದ ಕಾಯಿಲೆ ಇದ್ದಿದ್ದರೆ ಅದನ್ನೂ ಮುಚ್ಚಿಡದೆ ತಿಳಿಸಿ. ನಿದ್ದೆಯೇ ಇಲ್ಲದಿದ್ದರೂ ದಣಿಯದೆ, ಅತಿಯಾದ ಉಲ್ಲಾಸದಲ್ಲಿ ಎಡೆಬಿಡದೆ ಮಾತನಾಡುವುದು ಅದರ ಲಕ್ಷಣ; ಅಂಥ ಮಕ್ಕಳ ವಿಷಯದಲ್ಲಿ ಚಿಕಿತ್ಸೆಯ ದಾರಿಯೇ ಬೇರೆಯಾಗುತ್ತದೆ.

ಇನ್ನೊಂದು ವಿಷಯ, ಇದನ್ನು ಹೆದರಿಸಲು ಬರೆಯುತ್ತಿಲ್ಲ, ಆದರೆ ಬಿಡುವ ಹಾಗೂ ಇಲ್ಲ. 2004ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆಯು ಮಕ್ಕಳ ಮೇಲೆ ನಡೆದ ಪ್ರಯೋಗಗಳನ್ನು ಒಟ್ಟುಗೂಡಿಸಿ ನೋಡಿದಾಗ, ಈ ಬಗೆಯ ಔಷಧ ಪಡೆದ ಮಕ್ಕಳಲ್ಲಿ ಸುಮಾರು ಶೇ. 4ರಷ್ಟು ಮಂದಿಯಲ್ಲಿ ಸಾಯುವ ಯೋಚನೆ ಅಥವಾ ಯತ್ನ ಕಂಡುಬಂತು. ಹೋಲಿಕೆಗಾಗಿ ಔಷಧವಿಲ್ಲದ ಹುಸಿಮಾತ್ರೆ ಪಡೆದವರಲ್ಲಿ ಅದು ಶೇ. 2ರಷ್ಟಿತ್ತು. ಆ ಪ್ರಯೋಗಗಳಲ್ಲಿ ಯಾವ ಮಗುವೂ ಪ್ರಾಣ ಕಳೆದುಕೊಳ್ಳಲಿಲ್ಲ. ಆದರೂ ತೋಟದ ಮನೆಯಲ್ಲಿ ಕಳೆನಾಶಕದ ಕ್ಯಾನು, ಕೀಟನಾಶಕದ ಬಾಟಲಿ ಕೈಗೆಟುಕುವಂತೆ ಕೊಟ್ಟಿಗೆಯ ಮೂಲೆಯಲ್ಲಿರುವುದನ್ನು ನಾನು ಈ ಭಾಗದಲ್ಲಿ ಕಂಡಿದ್ದೇನೆ. ಇವತ್ತೇ ಅವುಗಳಿಗೆ ಬೀಗ ಹಾಕಿ, ಮಾತ್ರೆಯ ಪಟ್ಟಿಯನ್ನೂ ನಿಮ್ಮ ಬಳಿಯೇ ಇಟ್ಟುಕೊಂಡು ಒಂದೊಂದಾಗಿ ಕೊಡಿ. ಸಾಯುವ ಮಾತು ಬಂದರೆ, ಅಥವಾ ಜ್ವರ, ವಿಪರೀತ ಬೆವರು, ನಡುಕ, ಗೊಂದಲ ಒಟ್ಟಿಗೆ ಕಂಡರೆ ರಾತ್ರಿಯಾದರೂ ಆಸ್ಪತ್ರೆಗೆ ಕರೆದೊಯ್ಯಿರಿ. ಯಾರೊಡನೆಯಾದರೂ ಮಾತನಾಡಬೇಕೆನಿಸಿದರೆ, 2022ರಿಂದ ನಡೆಯುತ್ತಿರುವ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ರಲ್ಲಿ ಹಗಲೂ ರಾತ್ರಿ ಕನ್ನಡದಲ್ಲೇ ಉಚಿತವಾಗಿ ಉತ್ತರ ಸಿಗುತ್ತದೆ.

ಮನೆಯಲ್ಲಿ ಒಂದು ನೋಟ್‌ಬುಕ್ ಇಡಿ. ಮಾತ್ರೆ ಕೊಟ್ಟ ಹೊತ್ತು, ಮಲಗಿದ್ದು, ಎದ್ದದ್ದು, ಸಿಟ್ಟು ಬಂದದ್ದು ಯಾವಾಗ, ಎಷ್ಟು ಹೊತ್ತಿಗೆ ಇಳಿಯಿತು, ಇಷ್ಟೇ ಸಾಕು. “ತುಂಬಾ ಹಟ ಮಾಡಿದಳು” ಎನ್ನುವುದಕ್ಕಿಂತ “ಒಂದು ಗಂಟೆಗೆ ಎದ್ದು ಮೂರರವರೆಗೆ ಜಗಲಿಯಲ್ಲಿ ಓಡಾಡಿದಳು” ಎಂಬ ಸಾಲು ವೈದ್ಯರಿಗೆ ಹೆಚ್ಚು ಉಪಯೋಗಕ್ಕೆ ಬರುತ್ತದೆ. ಮಾತ್ರೆಯನ್ನು ಸಂಜೆ ಕೊಡುತ್ತಿದ್ದರೆ ಬೆಳಿಗ್ಗೆ ತಿಂಡಿಯ ನಂತರ ಕೊಡಬಹುದೇ ಎಂದು ಅವರನ್ನೇ ಕೇಳಿ. ನಮ್ಮ ಮಲೆನಾಡಿನ ಮನೆಗಳಲ್ಲಿ ಮಕ್ಕಳಿಗೂ ಲೋಟ ತುಂಬ ಕಾಫಿ ಕೊಡುವ ರೂಢಿಯಿದೆ. ಸದ್ಯಕ್ಕೆ ಅದನ್ನು ನಿಲ್ಲಿಸಿ, ಚಡಪಡಿಸುವ ಮಗುವಿಗೆ ಅದು ಉರಿಗೆ ತುಪ್ಪ ಸುರಿದಂತೆ.

ತಮ್ಮನಿಗೆ ಹೊಡೆಯುವುದನ್ನು ನೋಡಿಕೊಂಡು ಸುಮ್ಮನಿರಿ ಎಂದು ನಾನು ಹೇಳುತ್ತಿಲ್ಲ. ನಡುವೆ ನಿಂತು, ಅವನನ್ನು ಬೇರೆ ಕೋಣೆಗೆ ಕಳಿಸಿ, “ಹೊಡೆಯಲು ಬಿಡುವುದಿಲ್ಲ” ಎಂದಷ್ಟೇ ಹೇಳಿ ನಿಲ್ಲಿಸಿ. ಆ ಹೊತ್ತಿನಲ್ಲಿ ಉಪದೇಶ ಅವಳ ಕಿವಿಗೆ ಬೀಳುವುದಿಲ್ಲ. ಕುಳಿತಿರಲಾರದ ಮಗುವನ್ನು ಕೂರಿಸಬೇಡಿ, ನೀವೂ ಜೊತೆಗೆ ಕಾಫಿ ಕಣದ ಸುತ್ತ ನಾಲ್ಕು ಸುತ್ತು ನಡೆಯಿರಿ. ಯಜಮಾನರಿಗೆ ಈ ಪುಟವನ್ನು ಓದಲು ಕೊಡಿ. ಕೈ ಮಾಡಿದ್ದಕ್ಕೆ ಅವರು ಮಗಳ ಹತ್ತಿರ ಒಂದು ಮಾತು ಹೇಳಿದರೆ ಅವರ ಗೌರವವೇನೂ ಕಡಿಮೆಯಾಗುವುದಿಲ್ಲ. ಶಾಲೆಗೆ ವೈದ್ಯರಿಂದ ಎರಡು ಸಾಲಿನ ಪತ್ರ ಒಯ್ದರೆ ಸಾಕು.

ಇದೆಲ್ಲ ತಹಬಂದಿಗೆ ಬಂದ ಮೇಲೆ ಕೈ ತೊಳೆಯುವ ಗೀಳು ಹಾಗೆಯೇ ಇರುತ್ತದೆ ಎಂಬುದನ್ನು ಮರೆಯಬೇಡಿ. ಭಯವನ್ನು ಸ್ವಲ್ಪ ಸ್ವಲ್ಪವಾಗಿ ಎದುರಿಸಿ, ತೊಳೆಯುವುದನ್ನು ತಡೆದುಕೊಳ್ಳುವುದನ್ನು ಕಲಿಸುವ ವರ್ತನಾ ಚಿಕಿತ್ಸೆ ಈ ಕಾಯಿಲೆಗೆ ಮಾತ್ರೆಯಷ್ಟೇ ಮುಖ್ಯ. ಹಾಸನದಲ್ಲಿ ಅದನ್ನು ಮಾಡಿಸುವವರು ಸಿಗುತ್ತಾರೆಯೇ ಎಂದು ವೈದ್ಯರನ್ನು ಕೇಳಿ. ಸಿಗದಿದ್ದರೆ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಮಕ್ಕಳ ಮನೋವೈದ್ಯಕೀಯ ವಿಭಾಗವೇ ಇದೆ.

ಮಗಳು ಸೆರಗು ಹಿಡಿದು ಕೇಳಿದ ಪ್ರಶ್ನೆಗೆ ನೀವಿನ್ನೂ ಉತ್ತರ ಕೊಟ್ಟಿಲ್ಲ. ಇವತ್ತು ರಾತ್ರಿ ಪಕ್ಕದಲ್ಲಿ ಮಲಗಿಸಿಕೊಂಡು ಹೇಳಿ: “ನೀನು ಕೆಟ್ಟವಳಾಗಿಲ್ಲ ಕಣೇ. ಮಾತ್ರೆ ನಿನಗೆ ಜಾಸ್ತಿಯಾಗಿರಬೇಕು. ನಾಳೆ ನಾವಿಬ್ಬರೂ ಹೋಗಿ ಡಾಕ್ಟರಿಗೆ ಹೇಳೋಣ. ಒಳಗೆ ಓಡೋದು ಶುರುವಾದಾಗಲೆಲ್ಲ ನನ್ನನ್ನು ಎಬ್ಬಿಸು.”