ಬೀಗ ಹಾಕಿದ ಮೈದಾನಕ್ಕೂ ನೀರು ಬೇಕು

ಮತ್ತೆ ಕೊರೊನಾದಂಥದ್ದು ಬಂದರೆ ನಿಮ್ಮ ಕ್ರಿಕೆಟ್ ಮೈದಾನ ಪೂರ್ತಿ ಮುಚ್ಚಿ ಖರ್ಚು ಉಳಿಸುವುದಾ, ದೊಡ್ಡ ಸ್ಟೇಡಿಯಂಗಳ ಹಾಗೆ ಅರ್ಧ ಜನರನ್ನು ಬಿಟ್ಟುಕೊಂಡು ನಡೆಸುವುದಾ ಅಂತ ಕೇಳಿದ್ದೀರಿ. 2020ರಲ್ಲಿ ನಾನೂ ಇದೇ ಲೆಕ್ಕ ಹಾಕುತ್ತಾ ಕೂತಿದ್ದೆ.

ನನ್ನ ಮನೆ ಮೈಸೂರಲ್ಲಿ. ಮೈದಾನ ಶ್ರೀರಂಗಪಟ್ಟಣದ ಕಡೆ, ಕಬ್ಬಿನ ಗದ್ದೆಗಳ ಪಕ್ಕ, ಗುತ್ತಿಗೆಗೆ ಹಿಡಿದ ಜಾಗ. ಎರಡು ಟರ್ಫ್ ವಿಕೆಟ್, ಅಂದರೆ ಹುಲ್ಲು ಬೆಳೆಸಿದ ಮಣ್ಣಿನ ಪಿಚ್, ಅಭ್ಯಾಸಕ್ಕೆ ಬಲೆ ಕಟ್ಟಿದ ನೆಟ್ಸ್, ಒಂದು ತಗಡಿನ ಶೆಡ್. ಪಿಚ್ ನೋಡಿಕೊಳ್ಳುತ್ತಿದ್ದವರು ಮಳವಳ್ಳಿ ಕಡೆಯವರು, ನನಗಿಂತ ದೊಡ್ಡವರು, ಶೆಡ್ಡಿನಲ್ಲೇ ಇರುತ್ತಿದ್ದರು. ಮಾರ್ಚ್ 14ರಿಂದ ಒಂದು ವಾರ ಮಾಲು, ಥಿಯೇಟರು, ಪಂದ್ಯಾವಳಿ ಎಲ್ಲ ಬಂದ್ ಅಂತ ನಮ್ಮ ಸರ್ಕಾರ ಹೇಳಿತಲ್ವಾ, ಆಗಲೇ ಅವರಿಗೆ ಊರಿಗೆ ಹೋಗಿ ಅಂದೆ. "ಬೇಸಿಗೆ ಸಾರ್, ನೀರು ತಪ್ಪಿಸಬಾರದು, ನಾನೊಬ್ಬ ಇಲ್ಲೇ ಇರ್ತೀನಿ" ಅಂದರು. ಆಟವೇ ಇಲ್ಲ, ನೀರು ಯಾಕೆ ಅಂದೆ. ಅರ್ಧ ತಿಂಗಳ ಸಂಬಳ ಕೊಟ್ಟು, ಮೋಟರ್ ಆಫ್ ಮಾಡಿ, ಗೇಟಿಗೆ ಬೀಗ ಹಾಕಿದೆ.

ನನ್ನ ತಪ್ಪು ಅದೇ. ಪಿಚ್ ಅಂದರೆ ಸುಮ್ನೆ ಗಟ್ಟಿ ನೆಲ ಅಂತ ಜಾಸ್ತಿ ಜನ ತಿಳಿದಿದ್ದಾರೆ. ಅಲ್ಲ. ಜಿಗುಟು ಮಣ್ಣನ್ನು ಪದರ ಪದರವಾಗಿ ಹಾಕಿ, ನೀರು ಕುಡಿಸಿ, ರೋಲರ್ ಓಡಿಸಿ ಕೂರಿಸಿರುತ್ತಾರೆ. ಆ ಮಣ್ಣನ್ನು ಹಿಡಿದಿಟ್ಟಿರುವುದು ಹುಲ್ಲಿನ ಬೇರು. ಒಳಗಿನ ತೇವವನ್ನು ಮೇಲಕ್ಕೆ ಎಳೆದು ಪಿಚ್ ಒಂದೇ ಸಮ ಒಣಗುವ ಹಾಗೆ ಮಾಡುವುದೂ ಅದೇ ಬೇರು. ನಮ್ಮ ಕಡೆಯ ಏಪ್ರಿಲ್ ಬಿಸಿಲಲ್ಲಿ ನೀರಿಲ್ಲದೆ ಹುಲ್ಲು ಸಾಯುತ್ತದೆ, ಬೇರು ಹೋಗುತ್ತದೆ, ಮಣ್ಣು ಬಿರುಕು ಬಿಡುತ್ತದೆ, ಆಮೇಲೆ ಮಳೆ ಬಿದ್ದರೆ ಆ ಬಿರುಕಿನಲ್ಲಿ ಕಳೆ ಏಳುತ್ತದೆ. ಆಗ ಎಷ್ಟು ನೀರು ಸುರಿದರೂ, ಎಷ್ಟು ರೋಲರ್ ಓಡಿಸಿದರೂ ಅದು ಪಿಚ್ ಆಗಲ್ಲ. ಒಂದು ವಾರದ ಬಂದ್ ಎರಡು ತಿಂಗಳಾಯಿತು. ಜಿಲ್ಲೆಯ ಗಡಿ ಮುಚ್ಚಿದರು. ಮೈಸೂರಿಂದ ಮಂಡ್ಯ ಜಿಲ್ಲೆಯೊಳಗೆ ಕಾಲಿಡಲು ನನಗೂ ಆಗಲಿಲ್ಲ.

ಮೇ 17ರ ಕೇಂದ್ರದ ಆದೇಶದಲ್ಲಿ ಕ್ರೀಡಾಂಗಣ ತೆರೆಯಬಹುದು, ಪ್ರೇಕ್ಷಕರು ಮಾತ್ರ ಬೇಡ ಅಂತ ಬಂತು. ಹೋಗಿ ನೋಡಿದರೆ ಪಿಚ್ ಸುತ್ತಲಿನ ಔಟ್‌ಫೀಲ್ಡಿನಲ್ಲಿ ಮಳೆಗೆ ಎದ್ದ ಮೊಣಕಾಲುದ್ದ ಹುಲ್ಲು, ವಿಕೆಟ್ ಮೇಲೆ ಕಾಂಗ್ರೆಸ್ ಗಿಡ, ಒಂದು ತುದಿಯಲ್ಲಿ ಹೆಗ್ಗಣ ತೋಡಿದ ಬಿಲ. ಮೇಲಿನ ಮಣ್ಣೆಲ್ಲ ತೆಗೆಸಿ ಹೊಸದು ಹಾಕಿಸಬೇಕಾಯಿತು. ಪಿಚ್ ಅಣ್ಣನಿಗೆ ಫೋನ್ ಮಾಡಿದೆ. ಅವರು ಊರಲ್ಲೇ ಆಲೆಮನೆ ಕೆಲಸಕ್ಕೆ ಸೇರಿದ್ದರು, ಬರಲಿಲ್ಲ. ಮನೆಯೊಳಗೆ ಕೂತು ಬೇಜಾರಾಗಿದ್ದ ಮಕ್ಕಳನ್ನು ಅಪ್ಪಅಮ್ಮಂದಿರು ಬಯಲಿಗೆ ಕಳಿಸಲು ಕಾಯುತ್ತಿದ್ದ ಕಾಲ ಅದು. ಅವರವರ ಬಾಲು, ಅವರವರ ಬಾಟಲಿ, ಬಾಲಿಗೆ ಎಂಜಲು ಹಚ್ಚುವಂತಿಲ್ಲ, ಬ್ಯಾಚಿಗೆ ಆರೇ ಜನ ಅಂತ ಮಾಡಿಕೊಂಡು ಬೇರೆಯವರು ನೆಟ್ಸ್ ನಡೆಸಿದರು. ನನ್ನ ಹುಡುಗರೂ ಅಲ್ಲಿಗೇ ಹೋದರು. ನನ್ನಲ್ಲಿ ಆಡಿಸಲು ವಿಕೆಟ್ಟೇ ಇರಲಿಲ್ಲ.

ಹಾಗಾಗಿ ನಿಮ್ಮ ಪ್ರಶ್ನೆಯೇ ಸರಿಯಿಲ್ಲ ಅನ್ನುತ್ತೇನೆ. ಜನರನ್ನು ಬಿಡುವುದು ಬಿಡದಿರುವುದು ನಿಮ್ಮ ಕೈಲಿರುವುದಿಲ್ಲ. 2021ರ ಫೆಬ್ರುವರಿಯಲ್ಲಿ ಇಂಗ್ಲೆಂಡ್ ಮೇಲೆ ಚೆನ್ನೈನ ಮೊದಲ ಟೆಸ್ಟಿಗೆ ಜನರಿಲ್ಲ, ಎರಡನೆಯದಕ್ಕೆ ಅರ್ಧ ಜನ. ಮಾರ್ಚಲ್ಲಿ ಅಹಮದಾಬಾದಿನ ಎರಡು ಟಿ20ಗೆ ಜನ ಬಂದರು, ಉಳಿದ ಮೂರಕ್ಕೆ ಗೇಟ್ ಮುಚ್ಚಿತು. ಅಷ್ಟು ದೊಡ್ಡ ಮೈದಾನಕ್ಕೇ ಹೀಗಾದರೆ ನೀವು ಅರ್ಧ ಜನರನ್ನು ನಂಬಿ ಕ್ಯಾಂಟೀನಿಗೆ ಮುಂಗಡ ಕೊಡಬೇಡಿ. 2020ರ ಜುಲೈ 8ಕ್ಕೆ ಟೆಸ್ಟ್ ಕ್ರಿಕೆಟ್ ಮತ್ತೆ ಶುರುವಾದದ್ದು ಸೌತಾಂಪ್ಟನ್‌ನಲ್ಲಿ. ಆ ಸರಣಿಗೆ ಅದನ್ನೂ ಮ್ಯಾಂಚೆಸ್ಟರನ್ನೂ ಆರಿಸಿದ್ದು ಮೈದಾನದ ಒಳಗೇ ಹೋಟೆಲ್ ಇದೆ ಅಂತ, ಆಟಗಾರರು ಹೊರಗೆ ಕಾಲಿಡಬೇಕಿರಲಿಲ್ಲ. ಆ ವರ್ಷ ಐಪಿಎಲ್‌ನ 60 ಪಂದ್ಯಗಳನ್ನು ದುಬೈ, ಅಬುಧಾಬಿ, ಶಾರ್ಜಾ ಮೂರೇ ಮೈದಾನದಲ್ಲಿ 53 ದಿನದಲ್ಲಿ ಮುಗಿಸಿದರು. ಖಾಲಿ ಸ್ಟ್ಯಾಂಡು, ಟಿವಿಯಲ್ಲಿ ರೆಕಾರ್ಡ್ ಮಾಡಿದ ಕೂಗು, ಅದನ್ನೆಲ್ಲ ಎಲ್ಲರೂ ನೆನಪಿಟ್ಟಿದ್ದಾರೆ. ಅಷ್ಟು ಪಂದ್ಯಕ್ಕೆ ಬೇಕಾದ ವಿಕೆಟ್‌ಗಳನ್ನು ಆ ಸೆಕೆಯಲ್ಲಿ ತಯಾರು ಮಾಡಿ ಕೊಟ್ಟವರ ಕೆಲಸ ನನ್ನ ಕಣ್ಣಿಗೆ ಬೀಳುತ್ತದೆ.

ಆದ್ದರಿಂದ ಗೇಟಿಗೆ ಬೇಕಾದರೆ ಬೀಗ ಹಾಕಿ, ಆದರೆ ಮೋಟರ್ ಮಾತ್ರ ನಿಲ್ಲಿಸಬೇಡಿ. ಒಬ್ಬರನ್ನಾದರೂ ಪೂರ್ತಿ ಸಂಬಳ, ರೇಷನ್ ಕೊಟ್ಟು ಒಳಗೇ ಇರಿಸಿಕೊಳ್ಳಿ. ಸಂಬಳ ಕೊಡಲು ಆಗದಿದ್ದರೆ ಬೇರೆ ಏನಾದರೂ ಮಾರಿ ಕೊಡಿ.

ನಾನು ದೀಪಾವಳಿ ಕಳೆದ ಮೇಲೆ ಬೈಕಲ್ಲಿ ಮಳವಳ್ಳಿಗೆ ಹೋಗಿ, ಆಗ ಕೊಡದೆ ಉಳಿಸಿಕೊಂಡಿದ್ದ ಸಂಬಳದ ದುಡ್ಡು ಕೊಟ್ಟು ಅವರನ್ನು ಕರೆದುಕೊಂಡು ಬಂದೆ. 2021ರ ಏಪ್ರಿಲ್ 27ರ ರಾತ್ರಿ ಮತ್ತೆ ಎಲ್ಲ ಬಂದ್ ಆದಾಗ ಅವರು ಶೆಡ್ಡಿನಲ್ಲೇ ಉಳಿದರು. ದಿನಾ ಸಂಜೆ ವಿಡಿಯೋ ಕಾಲ್ ಮಾಡಿ ವಿಕೆಟ್ ತೋರಿಸುತ್ತಿದ್ದರು. ತೆರೆಯಬಹುದು ಅಂದ ಮೂರನೇ ದಿನಕ್ಕೆ ಹುಡುಗರು ಅದರ ಮೇಲೆ ಆಡಿದರು.

ನಿಮ್ಮದು ಕೆಂಪು ಮಣ್ಣೋ ಕಪ್ಪೋ, ಬೋರ್ ಇದೆಯೋ ನಾಲೆ ನೀರೋ ಬರೆಯಿರಿ. ಅವರನ್ನೇ ಕೇಳಿ ಹೇಳುತ್ತೇನೆ.